ಇನ್ಸುಲಿನ್ ಅವಲಂಬಿತ ಮಧುಮೇಹ ಮತ್ತು ಹೃದಯ: ತಿಪಟೂರು ಸೀಮೆಯ ನೆಲೆಯಲ್ಲಿ

ಇನ್ಸುಲಿನ್ ಅವಲಂಬಿತ ಮಧುಮೇಹ: ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳು ನಾಶವಾಗಿ, ಹೊರಗಿನಿಂದ ಇನ್ಸುಲಿನ್ ಕೊಡದೆ ಜೀವ ಉಳಿಯದ ಕಾಯಿಲೆ. ಇಂದಿನ ವೈದ್ಯಕೀಯದಲ್ಲಿ ಇದರ ಹೆಸರು ಟೈಪ್ 1 ಮಧುಮೇಹ. ಇನ್ಸುಲಿನ್ ಸಿಗದ ಕಾಲದಲ್ಲಿ ಈ ರೋಗಿಗಳು ಸಕ್ಕರೆ ಏರಿಯೇ ಸಾಯುತ್ತಿದ್ದರು. ಇನ್ಸುಲಿನ್ ಬಂದ ಮೇಲೆ ಅವರು ದಶಕಗಳ ಕಾಲ ಬಾಳತೊಡಗಿದರು. ಆಗ ಮೊದಲು ಮೂತ್ರಪಿಂಡ, ಕಣ್ಣು, ನರಗಳ ತೊಡಕು, ಆಮೇಲೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಮುಂದೆ ಬಂದವು. ರಕ್ತದ ಸಕ್ಕರೆ, ಕೊಲೆಸ್ಟ್ರಾಲ್, ಹೃದಯ ಇವು ಮೂರನ್ನೂ ಒಟ್ಟಿಗೆ ನೋಡುವುದು ಇದರ ಆರೈಕೆಯ ಮುಖ್ಯ ಭಾಗ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಎಳೆ ಸೇರುತ್ತದೆ. ಇಲ್ಲಿ ಮನೆಯ ಆದಾಯವೂ ಅಡುಗೆಯೂ ತೆಂಗಿನ ಮೇಲೆ ನಿಂತಿವೆ. ತೆಂಗಿನಲ್ಲಿರುವುದು ಹೆಚ್ಚಾಗಿ ಪರ್ಯಾಪ್ತ ಕೊಬ್ಬು.

ಹೆಸರು ಮತ್ತು ವ್ಯಾಪ್ತಿ

'ಇನ್ಸುಲಿನ್ ಅವಲಂಬಿತ', 'ಇನ್ಸುಲಿನ್ ಅವಲಂಬಿತವಲ್ಲದ' ಎಂಬ ಹಳೆಯ ವಿಂಗಡಣೆ ಚಿಕಿತ್ಸೆಯನ್ನು ನೋಡಿ ಮಾಡಿದ್ದು. 1997ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್, 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟು, ರೋಗದ ಕಾರಣವನ್ನು ಆಧಾರವಾಗಿಟ್ಟುಕೊಂಡು ಟೈಪ್ 1, ಟೈಪ್ 2 ಎಂಬ ಹೆಸರುಗಳನ್ನು ಸ್ಥಿರಗೊಳಿಸಿದವು. ಟೈಪ್ 2 ಇರುವವರು ಹತ್ತು ಹದಿನೈದು ವರ್ಷ ಮಾತ್ರೆ ನುಂಗಿ ಕೊನೆಗೆ ಇನ್ಸುಲಿನ್‌ಗೆ ಬಂದರೂ ಅವರದು ಟೈಪ್ 1 ಆಗುವುದಿಲ್ಲ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳ ಮೇಲೆ ತಿರುಗಿ ಬೀಳುತ್ತದೆ. ಸಕ್ಕರೆ ತಿಂದದ್ದರಿಂದಾಗಲಿ, ತಾಯಿ ಬಸುರಿನಲ್ಲಿ ಸಿಹಿ ತಿಂದದ್ದರಿಂದಾಗಲಿ ಇದು ಬರುವುದಿಲ್ಲ. ಸಂದೇಹವಿದ್ದಾಗ ಸಿ-ಪೆಪ್ಟೈಡ್ ಮತ್ತು ಜಿಎಡಿ ಪ್ರತಿಕಾಯ ಪರೀಕ್ಷೆಗಳಿಂದ ಬಗೆಯನ್ನು ಗುರುತಿಸುತ್ತಾರೆ. ದಕ್ಷಿಣ ಭಾರತದಲ್ಲಿ ಮೇದೋಜೀರಕದಲ್ಲಿ ಸುಣ್ಣದ ಕಲ್ಲು ಕಟ್ಟಿ ಬರುವ ಮಧುಮೇಹವೂ ಉಂಟು. ಅದಕ್ಕೂ ಸಾಮಾನ್ಯವಾಗಿ ಇನ್ಸುಲಿನ್ ಬೇಕಾಗುತ್ತದೆ. ಅಪೌಷ್ಟಿಕತೆಯಿಂದ ಬರುವ ಮಧುಮೇಹವನ್ನು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ಟೈಪ್ 5 ಎಂದು ಪ್ರತ್ಯೇಕವಾಗಿ ಗುರುತಿಸಿತು. ಈ ಲೇಖನದಲ್ಲಿ ಹೇಳುವುದು ಮುಖ್ಯವಾಗಿ ಟೈಪ್ 1ಕ್ಕೆ ಸಂಬಂಧಿಸಿದ್ದು.

ಕರ್ನಾಟಕದಲ್ಲಿ ಈ ಕಾಯಿಲೆಯ ಹರವನ್ನು ತಿಳಿಯಲು ಇರುವ ಮುಖ್ಯ ಆಧಾರ, ಬೆಂಗಳೂರಿನ ವೈದ್ಯರು 1995ರಿಂದ 2008ರವರೆಗೆ ನಡೆಸಿದ ಕರ್ನಾಟಕ ಮಧುಮೇಹ ನೋಂದಣಿ. ಅದರ ಪ್ರಕಾರ ವರ್ಷಕ್ಕೆ ಒಂದು ಲಕ್ಷದಲ್ಲಿ 3.7 ಹುಡುಗರಿಗೂ 4.0 ಹುಡುಗಿಯರಿಗೂ ಟೈಪ್ 1 ಹೊಸದಾಗಿ ಕಾಣಿಸಿಕೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2006ರಲ್ಲಿ ಎಳೆಯರ ಮಧುಮೇಹ ನೋಂದಣಿಯನ್ನು ಆರಂಭಿಸಿ, 2022ರಲ್ಲಿ ಟೈಪ್ 1ಕ್ಕೆಂದೇ ಮಾರ್ಗಸೂಚಿ ಹೊರತಂದಿತು. ಸಂಖ್ಯೆ ಚಿಕ್ಕದು. ಆದರೆ ಇವು ಬಾಲ್ಯದಲ್ಲಿ ಶುರುವಾಗಿ ಬಾಳಿನುದ್ದಕ್ಕೂ ನಡೆಯುವ ಕೇಸುಗಳು; ವರ್ಷವರ್ಷವೂ ಹೊಸಬರು ಸೇರುತ್ತ ಹೋಗುತ್ತಾರೆ.

ಚರಿತ್ರೆ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಜೆ.ಜೆ.ಆರ್. ಮ್ಯಾಕ್ಲಿಯೋಡ್ ಅವರ ಪ್ರಯೋಗಶಾಲೆಯಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಕೊಡಲಾಯಿತು. 1923ರ ನೊಬೆಲ್ ಪಾರಿತೋಷಕ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಅವರಿಗೆ ಸಂದಿತು. ಬಹುಕಾಲ ದನ, ಹಂದಿಗಳ ಮೇದೋಜೀರಕದಿಂದ ತೆಗೆದ ಇನ್ಸುಲಿನ್ನೇ ಬಳಕೆಯಲ್ಲಿತ್ತು. ಮಾನವ ಇನ್ಸುಲಿನ್ನನ್ನು ಸೂಕ್ಷ್ಮಜೀವಿಗಳಲ್ಲಿ ಬೆಳೆಸಿ ಮಾರುಕಟ್ಟೆಗೆ ತಂದದ್ದು 1982ರಲ್ಲಿ. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಇನ್‌ಸುಜೆನ್ ಹೆಸರಿನ ಮಾನವ ಇನ್ಸುಲಿನ್ನನ್ನೂ 2009ರಲ್ಲಿ ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ನನ್ನೂ ಹೊರತಂದಿತು.

ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ತೊಡಕುಗಳು ತಪ್ಪುತ್ತವೆಯೇ ಎಂಬ ಪ್ರಶ್ನೆ ಎಪ್ಪತ್ತು ವರ್ಷ ತೀರ್ಮಾನವಾಗದೆ ಉಳಿದಿತ್ತು. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ಟೈಪ್ 1 ರೋಗಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. ಒಂದು ಗುಂಪಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಸುಮಾರು ಶೇ 7ರಲ್ಲಿ, ಇನ್ನೊಂದರದು ಸುಮಾರು ಶೇ 9ರಲ್ಲಿ ನಡೆಯಿತು. ಬಿಗಿ ಹತೋಟಿಯ ಗುಂಪಿನಲ್ಲಿ ಕಣ್ಣಿನ ಅಕ್ಷಿಪಟಲದ ಹಾನಿ ಹೊಸದಾಗಿ ಶುರುವಾಗುವ ಅಪಾಯ ಶೇ 76ರಷ್ಟು ತಗ್ಗಿತು. ಅದೇ ಜನರನ್ನು ಮುಂದೆಯೂ ಗಮನಿಸಿದಾಗ 2005ರಲ್ಲಿ ಹೃದಯದ ಲೆಕ್ಕವೂ ಹೊರಬಂತು: ಹೃದಯ-ರಕ್ತನಾಳದ ಘಟನೆಗಳು ಒಟ್ಟಾರೆ ಶೇ 42ರಷ್ಟು, ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ-ರಕ್ತನಾಳದ ಕಾಯಿಲೆಯ ಸಾವು ಶೇ 57ರಷ್ಟು ಕಡಿಮೆಯಾಗಿದ್ದವು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಸಕ್ಕರೆ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದಿತ್ತು. ಆದರೂ ಆರಂಭದ ವರ್ಷಗಳ ಹತೋಟಿಯ ಫಲ ರಕ್ತನಾಳಗಳಲ್ಲಿ ಉಳಿದುಕೊಂಡಿತ್ತು. ಮಗುವಿಗೆ ಕಾಯಿಲೆ ಪತ್ತೆಯಾದ ಮೊದಲ ವರ್ಷಗಳನ್ನು 'ಚಿಕ್ಕ ಹುಡುಗ, ಆಮೇಲೆ ನೋಡೋಣ' ಎಂದು ಬಿಟ್ಟುಬಿಡಬಾರದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಔಷಧಗಳ ಮೂಲವನ್ನು ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದರು. 1987ರಲ್ಲಿ ಮೊದಲ ಸ್ಟ್ಯಾಟಿನ್ ಬಳಕೆಗೆ ಬಂತು. ಹದಿನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 18,686 ಮಧುಮೇಹಿಗಳಿದ್ದರು, ಅವರಲ್ಲಿ 1,466 ಮಂದಿ ಟೈಪ್ 1ರವರು. ಎಲ್‌ಡಿಎಲ್ (ರಕ್ತನಾಳದಲ್ಲಿ ಕಟ್ಟುವ ಕೊಲೆಸ್ಟ್ರಾಲ್) ಡೆಸಿಲೀಟರಿಗೆ ಸುಮಾರು 39 ಮಿ.ಗ್ರಾಂ ಇಳಿದಲ್ಲೆಲ್ಲ ದೊಡ್ಡ ರಕ್ತನಾಳದ ಘಟನೆಗಳು ಶೇ 21ರಷ್ಟು ತಗ್ಗಿದವು. ಟೈಪ್ 1ರಲ್ಲಿಯೂ ಫಲ ಅದೇ ಬಗೆಯದಾಗಿತ್ತು.

ರೋಗದ ಆರಂಭ

ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡುವುದು, ಹೊಟ್ಟೆ ತುಂಬ ಉಂಡರೂ ಕೆಲವೇ ವಾರಗಳಲ್ಲಿ ಮೈ ಇಳಿದುಹೋಗುವುದು ಆರಂಭದ ಲಕ್ಷಣಗಳು. ಮೂತ್ರ ಹೊಯ್ದಲ್ಲಿ ಇರುವೆ ಮುತ್ತುವುದನ್ನು ಹಳ್ಳಿಯ ಹಿರಿಯರು ಗುರುತಿಸುತ್ತಾರೆ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಕರಗಿಸತೊಡಗಿದಾಗ ಕೀಟೋನ್ ಆಮ್ಲಗಳು ರಕ್ತದಲ್ಲಿ ಸೇರುತ್ತವೆ. ಆಗ ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ದೀರ್ಘವಾದ ಏದುಸಿರು ಕಾಣಿಸುತ್ತವೆ. ಇದು ಕೀಟೋಆಮ್ಲತೆ. ಗ್ಯಾಸ್ಟ್ರಿಕ್ ಎಂದೋ ದೃಷ್ಟಿ ತಾಕಿದೆ ಎಂದೋ ಒಂದು ದಿನ ಕಾದರೆ ಜೀವಕ್ಕೆ ಸಂಚಕಾರ.

ರಕ್ತದ ಸಕ್ಕರೆಯ ಹತೋಟಿ

ಹತೋಟಿಯನ್ನು ಅಳೆಯಲು ಮುಖ್ಯ ಅಳತೆ ಎಚ್‌ಬಿಎ1ಸಿ. ಜನ ಇದನ್ನು 'ಮೂರು ತಿಂಗಳ ಶುಗರ್' ಎನ್ನುತ್ತಾರೆ. ಶೇ 7 ಬಂದರೆ ಸರಾಸರಿ ಸಕ್ಕರೆ ಡೆಸಿಲೀಟರಿಗೆ ಸುಮಾರು 154 ಮಿ.ಗ್ರಾಂ, ಶೇ 9 ಬಂದರೆ 212, ಶೇ 10 ಬಂದರೆ 240. ಬಹುಪಾಲು ವಯಸ್ಕರಿಗೆ ಗುರಿ ಶೇ 7ಕ್ಕಿಂತ ಕೆಳಗೆ. ಪದೇ ಪದೇ ಸಕ್ಕರೆ ಕುಸಿಯುವವರಿಗೆ, ವಯಸ್ಸಾದವರಿಗೆ ವೈದ್ಯರು ಸಡಿಲಿಸುತ್ತಾರೆ. ತೋಳಿಗೆ ಅಂಟಿಸುವ ನಿರಂತರ ಗ್ಲೂಕೋಸ್ ಮಾಪಕ ಇರುವವರಲ್ಲಿ ದಿನದ ಶೇ 70ಕ್ಕಿಂತ ಹೆಚ್ಚು ಹೊತ್ತು ಸಕ್ಕರೆ 70ರಿಂದ 180ರ ನಡುವೆ ಇರಬೇಕು, 70ಕ್ಕಿಂತ ಕೆಳಗೆ ಶೇ 4ಕ್ಕಿಂತ ಕಡಿಮೆ ಹೊತ್ತು ಇರಬೇಕು.

ಇನ್ಸುಲಿನ್ ಕೊಡುವ ಪದ್ಧತಿಗಳಲ್ಲಿ ಒಳ್ಳೆಯದು ಎನಿಸಿಕೊಂಡದ್ದು ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಒಂದು ಸಲ, ಜೊತೆಗೆ ಪ್ರತಿ ಊಟಕ್ಕೂ ಬೇಗ ಕೆಲಸ ಮಾಡುವ ಇನ್ಸುಲಿನ್. ಬೆಳಿಗ್ಗೆ ಸಂಜೆ ಎರಡೇ ಚುಚ್ಚಿನ ಮಿಶ್ರ ಇನ್ಸುಲಿನ್ ಅಗ್ಗವೂ ಸುಲಭವೂ ಹೌದು. ಆದರೆ ಊಟದ ಹೊತ್ತು ಏರುಪೇರಾದರೆ ಅದು ಕೈಕೊಡುತ್ತದೆ. ಸಾಮಾನ್ಯವಾಗಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.5ರಿಂದ 1 ಯೂನಿಟ್ ಬೇಕಾಗುತ್ತದೆ. ಭಾರತದ ಹೆಚ್ಚಿನ ಬಾಟಲಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ಗಳಲ್ಲಿ 100 ಯೂನಿಟ್ ಇರುತ್ತದೆ. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ಇವು ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಹತ್ತು ಮಿಲಿಲೀಟರಿನ 40ರ ಬಾಟಲಿಯಲ್ಲಿ ಇರುವುದು 400 ಯೂನಿಟ್. ದಿನಕ್ಕೆ 40 ಯೂನಿಟ್ ಬೇಕಾದವರಿಗೆ ತಿಂಗಳಿಗೆ ಮೂರು ಬಾಟಲಿ.

ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಬಳಸುತ್ತಿರುವ ಬಾಟಲಿ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಸಣ್ಣ ಕುಡಿಕೆ ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ ನೀರು ಚಿಮುಕಿಸುತ್ತಿದ್ದರೆ ಒಳಗಿನ ಬಿಸಿ ಹಲವು ಡಿಗ್ರಿ ಇಳಿಯುತ್ತದೆ. ಶೀಟು ಹೊದಿಸಿದ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳಿನಲ್ಲಿ ಗೂಡಿನಲ್ಲಿಟ್ಟ ಇನ್ಸುಲಿನ್ ಶಕ್ತಿಗುಂದುವುದರಿಂದ ಈ ಉಪಾಯ ನಿಜವಾಗಿ ಬೇಕಾದದ್ದು.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ 'ಲೋ ಶುಗರ್', 54ಕ್ಕಿಂತ ಕೆಳಗೆ ಗಂಭೀರ ಸ್ಥಿತಿ. ಬೆವರು, ನಡುಕ, ಎದೆ ಡವಗುಟ್ಟುವುದು, ಮಂಕು ಇದರ ಲಕ್ಷಣ. 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ತೋಟದಲ್ಲಿ ಕೈಗೆ ಸಿಗುವ ಎಳನೀರು ಇದಕ್ಕೆ ಸಾಲದು. ನೂರು ಮಿಲಿಲೀಟರಿಗೆ ನಾಲ್ಕು ಗ್ರಾಂಗೂ ಕಡಿಮೆ ಶರ್ಕರಪಿಷ್ಟ ಇರುವುದರಿಂದ ಒಂದು ಬುರುಡೆ ಕುಡಿದರೂ ಬೇಕಾದಷ್ಟು ಸಕ್ಕರೆ ಬೇಗ ಸಿಗುವುದಿಲ್ಲ. ಕೊಬ್ಬರಿ ಮಿಠಾಯಿಯೂ ಒದಗದು, ಅದರಲ್ಲಿನ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪಾತಿ ಮಾಡುವುದು, ಕಾಯಿ ಹೊರುವುದು, ಸುಲಿಯುವುದು ಮುಂತಾದ ಭಾರಿ ಮೈಗೆಲಸದ ದಿನ ಸಕ್ಕರೆ ಕೆಲಸದ ಹೊತ್ತಿನಲ್ಲಷ್ಟೇ ಅಲ್ಲ, ಅಂದಿನ ರಾತ್ರಿ ನಿದ್ದೆಯಲ್ಲೂ ಕುಸಿಯಬಹುದು. ಅಂಥ ದಿನ ಇನ್ಸುಲಿನ್ನನ್ನು ಎಷ್ಟು ಇಳಿಸಬೇಕೆಂದು ವೈದ್ಯರಿಂದ ಮೊದಲೇ ಕೇಳಿಕೊಂಡಿರಬೇಕು.

ಕೊಲೆಸ್ಟ್ರಾಲ್

ಕೊಲೆಸ್ಟ್ರಾಲ್ ಯಕೃತ್ತು ತಯಾರಿಸುವ ಮೇಣದಂಥ ವಸ್ತು. ಜೀವಕೋಶಗಳ ಪೊರೆಗೂ ಹಾರ್ಮೋನುಗಳಿಗೂ ಬೇಕಾದದ್ದು. ರಕ್ತದಲ್ಲಿ ಅದನ್ನು ಹೊತ್ತೊಯ್ಯುವ ಕಣಗಳಲ್ಲಿ ಎಲ್‌ಡಿಎಲ್ ರಕ್ತನಾಳದ ಗೋಡೆಯೊಳಗೆ ಸೇರಿ ಗಡ್ಡೆ ಕಟ್ಟುತ್ತದೆ. ಯಕೃತ್ತಿನ ಮೇಲಿನ ಗ್ರಾಹಕಗಳು ಎಲ್‌ಡಿಎಲ್ಲನ್ನು ರಕ್ತದಿಂದ ಸೆಳೆದುಕೊಳ್ಳುತ್ತವೆ ಎಂದು ತೋರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪಡೆದರು.

ಟೈಪ್ 1ರಲ್ಲಿ ಕೊಲೆಸ್ಟ್ರಾಲ್ ವರದಿ ಓದುವುದಕ್ಕೆ ಎಚ್ಚರ ಬೇಕು. ರಕ್ತದ ಟ್ರೈಗ್ಲಿಸರೈಡನ್ನು ಒಡೆಯುವ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವಕ್ಕೆ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ ಟ್ರೈಗ್ಲಿಸರೈಡ್ ಏರುತ್ತದೆ, ಎಲ್‌ಡಿಎಲ್ ಕೂಡ ಏರುತ್ತದೆ. ಆದ್ದರಿಂದ ಸಕ್ಕರೆ ವಿಪರೀತವಾಗಿದ್ದಾಗ ಮಾಡಿಸಿದ ಪರೀಕ್ಷೆಯನ್ನು, ಹತೋಟಿಗೆ ಬಂದ ಮೇಲೆ ಮತ್ತೊಮ್ಮೆ ಮಾಡಿಸಿ ನೋಡಬೇಕು. ಹತೋಟಿ ಚೆನ್ನಾಗಿರುವವರಲ್ಲಿ ಎಚ್‌ಡಿಎಲ್ ಸಾಮಾನ್ಯ ಮಟ್ಟದಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲೆ ಇರುತ್ತದೆ. 'ಒಳ್ಳೆ ಕೊಲೆಸ್ಟ್ರಾಲ್ ಜಾಸ್ತಿ ಇದೆ, ಹೃದಯಕ್ಕೆ ತೊಂದರೆಯಿಲ್ಲ' ಎಂದು ಅದನ್ನು ನಂಬಿ ಕೂರುವಂತಿಲ್ಲ. ಟೈಪ್ 1ರಲ್ಲಿ ಹೆಚ್ಚಿನ ಎಚ್‌ಡಿಎಲ್ ಖಚಿತವಾದ ರಕ್ಷಣೆಯಲ್ಲ.

ಎಲ್‌ಡಿಎಲ್ ಗುರಿ ಸಾಮಾನ್ಯವಾಗಿ 100 ಮಿ.ಗ್ರಾಂಗಿಂತ ಕೆಳಗೆ. ಮಧುಮೇಹದ ಜೊತೆಗೆ ಬೇರೆ ಅಪಾಯಗಳೂ ಇದ್ದರೆ 70ಕ್ಕಿಂತ, ಈಗಾಗಲೇ ಹೃದಯದ ಕಾಯಿಲೆ ಇದ್ದರೆ 55ಕ್ಕಿಂತ ಕೆಳಗೆ. ಪ್ರಯೋಗಾಲಯದ ಚೀಟಿಯಲ್ಲಿ ಮುದ್ರಿಸಿರುವ 'ನಾರ್ಮಲ್' ಮಿತಿ ಎಲ್ಲ ಜನರಿಗಾಗಿ ಇರುವಂಥದ್ದು, ಮಧುಮೇಹಿಗಳ ಗುರಿಯಲ್ಲ.

ಹೃದಯಕ್ಕೆ ಒದಗುವ ಅಪಾಯ

ಸ್ವೀಡನ್ನಿನ ರಾಷ್ಟ್ರೀಯ ನೋಂದಣಿಯಿಂದ 2014ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಎಚ್‌ಬಿಎ1ಸಿ ಶೇ 6.9 ಅಥವಾ ಅದಕ್ಕಿಂತ ಕಡಿಮೆ ಇಟ್ಟುಕೊಂಡ ಟೈಪ್ 1 ರೋಗಿಗಳಲ್ಲಿಯೂ ಹೃದಯ-ರಕ್ತನಾಳದ ಸಾವಿನ ಅಪಾಯ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಸಕ್ಕರೆಯೊಂದನ್ನೇ ಕಾಯುತ್ತ ಕುಳಿತರೆ ಸಾಲದು ಎಂಬುದು ಇದರಿಂದ ಸ್ಪಷ್ಟ. ಅದೇ ನೋಂದಣಿಯ 2018ರ ವರದಿಯಲ್ಲಿ, ಹತ್ತು ವರ್ಷ ವಯಸ್ಸಿನೊಳಗೆ ಕಾಯಿಲೆ ಬಂದ ಹೆಂಗಸರ ಆಯಸ್ಸು ಸರಾಸರಿ 17.7 ವರ್ಷ, ಗಂಡಸರದು 14.2 ವರ್ಷ ತಗ್ಗಿದ್ದು ಕಂಡುಬಂತು.

ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹೃದಯಾಘಾತ ಅಪರೂಪ ಎಂಬ ನಂಬಿಕೆ ಟೈಪ್ 1ರಲ್ಲಿ ನಿಲ್ಲುವುದಿಲ್ಲ. ಆರೋಗ್ಯವಂತರಿಗೆ ಹೋಲಿಸಿದಾಗ ಈ ಕಾಯಿಲೆ ಹೆಂಗಸರ ಹೃದಯಕ್ಕೆ ತರುವ ಹೆಚ್ಚುವರಿ ಅಪಾಯ ಗಂಡಸರಿಗೆ ತರುವುದರ ಸುಮಾರು ಎರಡರಷ್ಟು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರತೊಡಗಿದರೆ ಮೂತ್ರಪಿಂಡ ಮಾತ್ರವಲ್ಲ, ಹೃದಯಕ್ಕೂ ಅದು ಮುನ್ಸೂಚನೆ. ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30 ದಾಟಿದರೆ ಅಸಹಜ. ರಕ್ತದೊತ್ತಡ 130/80ರ ಒಳಗಿರಬೇಕು. ಬೀಡಿ ಸಿಗರೇಟಿನ ಮಾತು ಎಲ್ಲರಿಗೂ ಗೊತ್ತು. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಅಭ್ಯಾಸ ಹೆಂಗಸರಲ್ಲೂ ಇದೆ, ಅದರ ನಿಕೋಟಿನ್ ಕೂಡ ರಕ್ತದೊತ್ತಡ ಏರಿಸುತ್ತದೆ. ವೈದ್ಯರು 'ಸಿಗರೇಟು ಸೇದ್ತೀರಾ' ಎಂದಷ್ಟೇ ಕೇಳಿ ಬಿಟ್ಟರೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಬಹುವರ್ಷದ ಮಧುಮೇಹದಲ್ಲಿ ಹೃದಯದ ನರಗಳು ಮಂದವಾಗಿ, ಎದೆನೋವಿಲ್ಲದೆಯೇ ಹೃದಯಾಘಾತ ಆಗಬಹುದು. ಆಗ ಕಾಣುವುದು ಬೆವರು, ಸುಸ್ತು, ಏದುಸಿರು, ವಾಕರಿಕೆ. ಇವುಗಳಲ್ಲಿ ಅರ್ಧದಷ್ಟು ಲೋ ಶುಗರಿನ ಲಕ್ಷಣಗಳೂ ಹೌದು. ಇಂಥ ಹೊತ್ತಿನಲ್ಲಿ ಗ್ಲೂಕೋಮೀಟರಿನಲ್ಲಿ ನೋಡಬೇಕು. ಸಕ್ಕರೆ ಸರಿಯಾಗಿದ್ದೂ ಬೆವರು ನಿಲ್ಲದಿದ್ದರೆ, ಅಥವಾ ಸಕ್ಕರೆ ಕೊಟ್ಟು ಮಟ್ಟ ಏರಿದ ಮೇಲೂ ಸುಸ್ತು ಹೋಗದಿದ್ದರೆ ತಡಮಾಡದೆ ಇಸಿಜಿ ಮಾಡಿಸಬೇಕು.

ತೆಂಗು, ಕೊಬ್ಬರಿ ಮತ್ತು ಇಲ್ಲಿನ ಊಟ

ಈ ಮೂರು ತಾಲ್ಲೂಕುಗಳ ಹೆಸರಾದ ಉತ್ಪನ್ನ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಉಂಡೆ ಒಳಗೆ ಹೊರಳುವ ಸದ್ದು ಬರುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುತ್ತಾರೆ. ತಿಪಟೂರಿನ ಎಪಿಎಂಸಿಯಲ್ಲಿ ಹರಾಜಾಗುವ ಈ ಕೊಬ್ಬರಿಯ ಬಹುಪಾಲು ಉತ್ತರ ಭಾರತಕ್ಕೆ ಹೋಗುತ್ತದೆ. ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ, 2025ಕ್ಕೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಕೊಬ್ಬರಿಯ ಹಣ ಹರಾಜಿನ ದಿನ ಬರುತ್ತದೆ, ಇನ್ಸುಲಿನ್ ಮಾತ್ರ ದಿನದಿನವೂ ಬೇಕು. ಇನ್ಸುಲಿನ್ನನ್ನು ಅರ್ಧ ಪ್ರಮಾಣಕ್ಕೆ ಇಳಿಸಿ ಹೊಂದಿಸಿಕೊಳ್ಳುವ ಮನೆಗಳಿಗೆ ಈ ಅಂತರವೇ ಮುಳುವು.

ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಎಂಬ ಮಾತು ನಿಜ, ಯಾವ ಸಸ್ಯಜನ್ಯ ಆಹಾರದಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇಲ್ಲ. ಆದರೆ ಪರ್ಯಾಪ್ತ ಕೊಬ್ಬು ಯಕೃತ್ತಿನ ಎಲ್‌ಡಿಎಲ್ ಗ್ರಾಹಕಗಳನ್ನು ತಗ್ಗಿಸಿ ರಕ್ತದ ಎಲ್‌ಡಿಎಲ್ ಏರಿಸುತ್ತದೆ. ಕೊಬ್ಬರಿ ಎಣ್ಣೆಯ ಶೇ 90ರ ಹತ್ತಿರದಷ್ಟು ಪರ್ಯಾಪ್ತ ಕೊಬ್ಬು. ಅದರಲ್ಲಿ ಅರ್ಧಕ್ಕೆ ಸಮೀಪ ಲಾರಿಕ್ ಆಮ್ಲ. ಹದಿನಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ಲನ್ನು ಸುಮಾರು 10 ಮಿ.ಗ್ರಾಂ, ಎಚ್‌ಡಿಎಲ್ಲನ್ನು ಸುಮಾರು 4 ಮಿ.ಗ್ರಾಂ ಏರಿಸಿತು. ಪೆಸಿಫಿಕ್ ಸಾಗರದ ಟೊಕೆಲಾವ್ ದ್ವೀಪದವರು ಆಹಾರದ ಶಕ್ತಿಯಲ್ಲಿ ಶೇ 63ರಷ್ಟನ್ನು ತೆಂಗಿನಿಂದಲೇ ಪಡೆಯುತ್ತಿದ್ದರೂ ಅವರಲ್ಲಿ ಹೃದಯದ ಕಾಯಿಲೆ ವಿರಳವಾಗಿತ್ತು ಎಂಬ 1981ರ ವರದಿಯನ್ನು ತೆಂಗಿನ ಪರವಾಗಿ ಆಗಾಗ ಹೇಳುತ್ತಾರೆ. ಅವರ ಕೊಲೆಸ್ಟ್ರಾಲ್, ತೆಂಗು ಕಡಿಮೆ ತಿನ್ನುವ ಪುಕಪುಕಾ ದ್ವೀಪದವರಿಗಿಂತ ಹೆಚ್ಚೇ ಇತ್ತು. ಟೊಕೆಲಾವ್ ಜನರ ಉಳಿದ ಆಹಾರ ಮೀನು ಮತ್ತು ಗೆಡ್ಡೆ, ಸಕ್ಕರೆ ಅತ್ಯಲ್ಪ. ಅದನ್ನು ಇಂದಿನ ಮಧುಮೇಹಿಯ ತಟ್ಟೆಗೆ ಎತ್ತಿಡಲಾಗದು.

ಇದರ ಜೊತೆಗೆ ಇನ್ನೊಂದನ್ನು ಸರಿಯಾಗಿ ಗುರುತಿಸಬೇಕು. ತಿಪಟೂರು ಸೀಮೆ ತೆಂಗಿನದಾದರೂ ಅಡುಗೆಯ ಎಣ್ಣೆ ಕೊಬ್ಬರಿ ಎಣ್ಣೆಯಲ್ಲ. ಕರಾವಳಿಯಲ್ಲಿ, ಕೇರಳದಲ್ಲಿ ಇರುವ ಆ ರೂಢಿ ಬಯಲುಸೀಮೆಯಲ್ಲಿಲ್ಲ. ಇಲ್ಲಿ ಹಿಂದೆ ಕಡಲೆಕಾಯಿ ಎಣ್ಣೆ, ಈಗ ಹೆಚ್ಚಾಗಿ ಸೂರ್ಯಕಾಂತಿ ಮತ್ತು ಪಾಮ್ ಎಣ್ಣೆ. ಪಾಮ್ ಎಣ್ಣೆಯ ಅರ್ಧದಷ್ಟು ಪರ್ಯಾಪ್ತ ಕೊಬ್ಬು. ತೆಂಗು ಒಳಗೆ ಹೋಗುವುದು ಸಾರಿಗೆ ರುಬ್ಬಿದ ಕಾಯಾಗಿ, ಪಲ್ಯದ ಮೇಲಿನ ತುರಿಯಾಗಿ, ಚಟ್ನಿಪುಡಿಯ ಕೊಬ್ಬರಿಯಾಗಿ. ನೂರು ಗ್ರಾಂ ಹಸಿ ಕಾಯಿಯಲ್ಲಿ ಜಿಡ್ಡು ಸುಮಾರು 33 ಗ್ರಾಂ, ಅದರಲ್ಲಿ 30 ಗ್ರಾಂ ಪರ್ಯಾಪ್ತ. ನಾರು ಒಂಬತ್ತು ಗ್ರಾಂ. ಒಣ ಕೊಬ್ಬರಿಯಲ್ಲಿ ಜಿಡ್ಡು ಇದರ ಹತ್ತಿರಹತ್ತಿರ ಎರಡರಷ್ಟು. ದಿನಕ್ಕೆ 2,000 ಕ್ಯಾಲರಿ ಉಣ್ಣುವವರಿಗೆ ಪರ್ಯಾಪ್ತ ಕೊಬ್ಬಿನ ಮಿತಿ ಸುಮಾರು 22 ಗ್ರಾಂ, ಎಲ್‌ಡಿಎಲ್ ಹೆಚ್ಚಿರುವವರಿಗೆ ಸುಮಾರು 15 ಗ್ರಾಂ. 30 ಗ್ರಾಂ ಕಾಯಿತುರಿಯಲ್ಲಿಯೇ ಒಂಬತ್ತು ಗ್ರಾಂ ಬಂದುಬಿಡುತ್ತದೆ. ಹಾಲು, ತುಪ್ಪ, ಕರಿದದ್ದು ಅದರ ಮೇಲೆ. ತಲಾ ಒಂದೆರಡು ಚಮಚ ತುರಿಗೆ ಹೆದರಬೇಕಾಗಿಲ್ಲ. ಅರ್ಧ ಹೋಳು ರುಬ್ಬಿ ಹಾಕಿದ ಸಾರನ್ನು ಇಬ್ಬರೇ ಎರಡು ಹೊತ್ತು ಉಂಡರೆ ಲೆಕ್ಕ ಮೀರುತ್ತದೆ.

ರಾಗಿ ಮುದ್ದೆಯ ವಿಷಯದಲ್ಲಿ ತಪ್ಪು ನಂಬಿಕೆ ಇನ್ನೂ ಗಟ್ಟಿ. ರಾಗಿಯಲ್ಲಿ ನೂರು ಗ್ರಾಂಗೆ ನಾರು 11 ಗ್ರಾಂ, ಸುಣ್ಣದಂಶ 364 ಮಿ.ಗ್ರಾಂ ಇರುವುದು ಒಳ್ಳೆಯದೇ. ಆದರೆ ಶರ್ಕರಪಿಷ್ಟ 67 ಗ್ರಾಂ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 53 ಗ್ರಾಂ. 'ಮುದ್ದೆ ತಾನೇ' ಎಂದು ಇನ್ಸುಲಿನ್ ಲೆಕ್ಕ ಬಿಡುವಂತಿಲ್ಲ. ಮನೆಯಲ್ಲಿ ಒಂದು ಮುದ್ದೆಗೆ ಎಷ್ಟು ಹಿಟ್ಟು ಬೀಳುತ್ತದೆಂದು ಒಮ್ಮೆ ತೂಗಿ, ಅದೇ ಗಾತ್ರವನ್ನು ದಿನವೂ ಉಳಿಸಿಕೊಂಡರೆ ಇನ್ಸುಲಿನ್ ಹೊಂದಿಸುವುದು ಸಲೀಸು. ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿ, ಅವರೆ, ತೊಗರಿ ಈ ಊಟದ ನಿಜವಾದ ಬಲ. ಇವು ಸಕ್ಕರೆಯ ಏರಿಕೆಯನ್ನು ನಿಧಾನಿಸುತ್ತವೆ, ಹೆಚ್ಚು ಕಾಯಿಯನ್ನೂ ಬೇಡುವುದಿಲ್ಲ. ಉಪ್ಪು ಮಾತ್ರ ಹದದಲ್ಲಿರಬೇಕು.

ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಎಳ್ಳು ಒಟ್ಟಾಗಿ ಬರುತ್ತವೆ. ಬೆಲ್ಲ ಸಕ್ಕರೆಗೆ ಬದಲಿಯಲ್ಲ, ರಕ್ತದಲ್ಲಿ ಎರಡೂ ಒಂದೇ. ಗಣೇಶನ ಹಬ್ಬದ ಕಡುಬು, ಯುಗಾದಿಯ ಹೋಳಿಗೆ ಮಗುವಿಗೆ ಪೂರ್ತಿ ನಿಷೇಧವಲ್ಲ. ತಿನ್ನುವಷ್ಟನ್ನು ಮೊದಲೇ ತೀರ್ಮಾನಿಸಿ ಅದಕ್ಕೆ ತಕ್ಕ ಇನ್ಸುಲಿನ್ ಕೊಡುವುದನ್ನು ಕಲಿಸಿದರೆ ಕದ್ದು ತಿನ್ನುವುದು ತಪ್ಪುತ್ತದೆ. ಶಿವರಾತ್ರಿ, ಏಕಾದಶಿಯ ಉಪವಾಸದಲ್ಲಿ ಊಟದ ಇನ್ಸುಲಿನ್ ಬಿಡಬಹುದು, ದಿನವಿಡೀ ಕೆಲಸ ಮಾಡುವ ಮೂಲ ಇನ್ಸುಲಿನ್ನನ್ನು ಎಂದಿಗೂ ಬಿಡಬಾರದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಔಷಧ ಮತ್ತು ತಪಾಸಣೆ

ನಲವತ್ತು ದಾಟಿದ ಮಧುಮೇಹಿಗಳಿಗೆ ಎಲ್‌ಡಿಎಲ್ ಎಷ್ಟೇ ಇದ್ದರೂ ಮಧ್ಯಮ ಪ್ರಮಾಣದ ಸ್ಟ್ಯಾಟಿನ್ ಕೊಡಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಅಟೋರ್ವಾಸ್ಟಾಟಿನ್ 10-20 ಮಿ.ಗ್ರಾಂ ಅಥವಾ ರೋಸುವಾಸ್ಟಾಟಿನ್ 5-10 ಮಿ.ಗ್ರಾಂ ಎಲ್‌ಡಿಎಲ್ಲನ್ನು ಶೇ 30ರಿಂದ 49ರಷ್ಟು ಇಳಿಸುತ್ತದೆ. ಇಪ್ಪತ್ತರಿಂದ ಮೂವತ್ತೊಂಬತ್ತರವರಿಗೆ ಬೇರೆ ಅಪಾಯಗಳಿದ್ದರೆ ಮಾತ್ರ ಯೋಚಿಸುತ್ತಾರೆ. ಬಸುರಿಯರಿಗೆ ಇದು ಸಲ್ಲದು. 'ಕೊಲೆಸ್ಟ್ರಾಲ್ ನಾರ್ಮಲ್ ಆಯ್ತು' ಎಂದು ಮಾತ್ರೆ ಬಿಟ್ಟವರಲ್ಲಿ ಎಲ್‌ಡಿಎಲ್ ಕೆಲವೇ ವಾರಗಳಲ್ಲಿ ಹಳೆಯ ಮಟ್ಟಕ್ಕೆ ಮರಳುತ್ತದೆ. ಹೃದಯದ ಕಾಯಿಲೆ ಇಲ್ಲದವರು ಆಸ್ಪಿರಿನ್ನನ್ನು ತಾವಾಗಿಯೇ ತೆಗೆದುಕೊಳ್ಳಬಾರದು.

ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ. ರಕ್ತದೊತ್ತಡ ಪ್ರತಿ ಭೇಟಿಯಲ್ಲೂ. ಕೊಲೆಸ್ಟ್ರಾಲ್ ಪರೀಕ್ಷೆಯನ್ನು ಮಕ್ಕಳಲ್ಲಿ ಸಕ್ಕರೆ ಹತೋಟಿಗೆ ಬಂದ ಮೇಲೆ ಶುರುಮಾಡುತ್ತಾರೆ. ವಯಸ್ಕರಲ್ಲಿ ಕಾಯಿಲೆ ಬಂದ ಐದು ವರ್ಷದ ಬಳಿಕ ಮೂತ್ರದ ಅಲ್ಬುಮಿನ್, ಕಣ್ಣು, ಪಾದಗಳ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು.

ಇಂದಿನ ಸ್ಥಿತಿ

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆ, ಶ್ರೀ ಸಿದ್ಧಾರ್ಥ ಮತ್ತು ಸಿದ್ದಗಂಗಾ ವೈದ್ಯಕೀಯ ಕಾಲೇಜುಗಳು ಇವೆ. ಮಕ್ಕಳ ಮಧುಮೇಹಕ್ಕೆ ತಜ್ಞರು ಬೇಕೆಂದರೆ ಸುಮಾರು 140 ಕಿಲೋಮೀಟರ್ ದೂರದ ಬೆಂಗಳೂರೇ ಗತಿ. ಅಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ರಾಜ್ಯ ಸರ್ಕಾರದ ಕರ್ನಾಟಕ ಎಂಡೋಕ್ರಿನಾಲಜಿ ಸಂಶೋಧನಾ ಸಂಸ್ಥೆ ಇವೆ. ಹೃದಯಾಘಾತಕ್ಕೆ ಮಾತ್ರ ವ್ಯವಸ್ಥೆ ಹತ್ತಿರ ಬಂದಿದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ದೂರದಿಂದಲೇ ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುತ್ತಾರೆ. ಲಕ್ಷಣ ಶುರುವಾದ ಮೊದಲ ಗಂಟೆಗಳಲ್ಲಿ ಕೊಟ್ಟರೆ ಮಾತ್ರ ಇದರಿಂದ ಪೂರ್ಣ ಪ್ರಯೋಜನ.

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ, 2024ರಲ್ಲಿ ರಾಜ್ಯದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಇವೆರಡೂ ಮಧುಮೇಹವನ್ನು ಹುಡುಕುವುದು ಮೂವತ್ತು ದಾಟಿದವರಲ್ಲಿ. ಟೈಪ್ 1 ಹೆಚ್ಚಾಗಿ ಬರುವುದು ಅದಕ್ಕೆ ಬಹಳ ಮೊದಲೇ, ಶಾಲೆಗೆ ಹೋಗುವ ವಯಸ್ಸಿನಲ್ಲಿ. ಈ ಅಂತರವನ್ನು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಮತ್ತು ಶಾಲೆಯ ಶಿಕ್ಷಕರು ತುಂಬಬೇಕಾಗಿದೆ. ಬಾಯಾರಿಕೆ, ಪದೇ ಪದೇ ಮೂತ್ರ, ಇಳಿದ ತೂಕ ಇವು ಒಟ್ಟಿಗೆ ಕಂಡ ಯಾವ ಮಗುವಿಗಾದರೂ ಅದೇ ದಿನ ಗ್ಲೂಕೋಮೀಟರಿನಲ್ಲಿ ಒಂದು ಹನಿ ರಕ್ತ ನೋಡಿಸಬೇಕು.